ಬಗ್ಗಿ ನೋಡಿದ ಮರಗಳು

ಮಳೆ ಬಂದು ನಿಂತ ಮೇಲೆ ಪಾರ್ಕಿಂಗ್ ಲಾಟಿನ ನೀರಿನ ಮುಂದೆ ಬಗ್ಗಿ ನಿಲ್ಲುವುದು ನನಗೀಗ ಅಭ್ಯಾಸವಾಗಿಬಿಟ್ಟಿದೆ. ಅದರಿಂದ ಮರ್ಯಾದೆಯೇನೂ ಹೆಚ್ಚುವುದಿಲ್ಲ. ಮೊನ್ನೆ ಗ್ರೋಸರಿ ಅಂಗಡಿಯ ಹೊರಗೆ ಹೀಗೇ ನಿಂತಿದ್ದಾಗ ಸಾಮಾನಿನ ಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳು, "ಏನಾದರೂ ಬೀಳಿಸಿಕೊಂಡಿರಾ? ಕಾಂಟ್ಯಾಕ್ಟ್ ಲೆನ್ಸಾ?" ಎಂದು ತಾನೂ ಬಗ್ಗಿ ಹುಡುಕತೊಡಗಿದಳು. "ಇಲ್ಲ, ಮರ ನೋಡುತ್ತಿದ್ದೇನೆ" ಎಂದೆ. ಅವಳು ನೀರನ್ನು ನೋಡಿದಳು, ನನ್ನನ್ನು ನೋಡಿದಳು, ತಲೆಯ ಮೇಲೆ ನಿಂತಿದ್ದ ಅಸಲು ಮರವನ್ನೂ ಒಮ್ಮೆ ನೋಡಿದಳು. "ಓಹ್, ನೈಸ್" ಎಂದು ಗಾಡಿಯನ್ನು ಸ್ವಲ್ಪ ಬೇಗಬೇಗ ತಳ್ಳಿಕೊಂಡು ಹೋದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಹೋಗುತ್ತಿದ್ದೆ.

ಈ ಚಟ ಹತ್ತಿಸಿದವರು ನನ್ನ ಅತ್ತೆ. ಅವರ ವಿಷಯ ಹೇಳಬೇಕೆಂದೇ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು, ಎಲೆ ಉದುರುವುದರ ಬಗ್ಗೆ ನನಗಿದ್ದ ಅಭಿಪ್ರಾಯವನ್ನು ಹೇಳಿಬಿಡಬೇಕು. ಅದು ಎಳ್ಳಷ್ಟೂ ಕಾವ್ಯಮಯವಾಗಿರಲಿಲ್ಲ.

ತುಮಕೂರಿನ ನಮ್ಮ ಮನೆಯ ಮುಂದೆ ಒಂದು ಹೊಂಗೆ ಮರವಿತ್ತು. ಬೇಸಿಗೆ ಇನ್ನೂ ಬಾಗಿಲಲ್ಲಿರುವಾಗಲೇ ಅದು ಎಲೆ ಉದುರಿಸಲು ಶುರು ಮಾಡುತ್ತಿತ್ತು. ಗುಡಿಸುವ ಪಾಳಿ ನನ್ನದು. ಪೊರಕೆ ಹಿಡಿದು ಗೇಟಿನಿಂದ ಜಗಲಿಯವರೆಗೆ ಗುಡಿಸಿ, ಗುಡ್ಡೆ ಮಾಡಿ, ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಮರ ಇನ್ನೊಂದು ಕಂತು ಸುರಿದಿರುತ್ತಿತ್ತು. "ಗುಡಿಸಿದೆಯೋ ಇಲ್ಲವೋ?" ಎಂದು ಅಮ್ಮ ಒಳಗಿನಿಂದ ಕೂಗಿದರೆ ನನ್ನ ಬಳಿ ಸಾಕ್ಷಿಯೇ ಇರುತ್ತಿರಲಿಲ್ಲ. ಆ ಎಲೆಯೆಲ್ಲ ಬಚ್ಚಲೊಲೆಗೆ ಹೋಗುತ್ತಿತ್ತು. ಭಾನುವಾರ ಎಣ್ಣೆ ನೀರು ಹಾಕಿಕೊಂಡ ಮೇಲೂ ಕೂದಲಲ್ಲಿ ಹೊಂಗೆ ಎಲೆಯ ಹೊಗೆ ವಾಸನೆ ಉಳಿದಿರುತ್ತಿತ್ತು. ಹೀಗೆ ಬೆಳೆದವಳಿಗೆ, ಎಲೆ ಬೀಳುವುದನ್ನು ನೋಡಲು ಜನ ಹೋಟೆಲ್ ಬುಕ್ ಮಾಡಿಕೊಂಡು ಹೋಗುತ್ತಾರೆ ಎಂದು ಅಮೆರಿಕಕ್ಕೆ ಬಂದ ಹೊಸದರಲ್ಲಿ ಕೇಳಿದಾಗ ನಗು ತಡೆಯಲಾಗಿರಲಿಲ್ಲ. ಕಸ ನೋಡಲು ಹೋಟೆಲ್ಲೇ!

ನನ್ನ ದುರದೃಷ್ಟವೋ ಅದೃಷ್ಟವೋ, ಹೀಗೆ ಹೋಗುವವರ ಪೈಕಿಯೇ ಒಬ್ಬನನ್ನು ನಾನು ಮದುವೆಯಾಗಿದ್ದೆ. ಗಿರಿ ಧಾರವಾಡದವನು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಸಹಪಾಠಿ. ಸನ್ನಿವೇಲ್‌ಗೆ ಬಂದ ಮೇಲೆ ಅವನಿಗೆ ಕ್ಯಾಮೆರಾ ಹುಚ್ಚು ಹಿಡಿಯಿತು. ಪ್ರತಿ ವರ್ಷ ನವೆಂಬರ್ ಹತ್ತಿರವಾದಂತೆ ಅವನು ಹವಾಮಾನ ನೋಡುತ್ತಾನೆ, ಲೆನ್ಸ್ ಒರೆಸುತ್ತಾನೆ, ಇನ್ನೂ ಬೆಳಕು ಹರಿಯುವ ಮುಂಚೆ ನನ್ನನ್ನು ಎಬ್ಬಿಸಿ ಯೊಸೆಮಿಟಿಯ ಬೆಟ್ಟ-ಕಾಡಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ನನ್ನ ಕೆಲಸ ಟ್ರೈಪಾಡ್ ಹಿಡಿಯುವುದು ಮತ್ತು ಹೇಳಿದ ಕಡೆ ಹೋಗಿ ನಿಲ್ಲುವುದು. ಅವನ ಒಳ್ಳೆಯ ಫೋಟೋಗಳಲ್ಲಿ ಅರ್ಧದಷ್ಟರಲ್ಲಿ ನಾನಿದ್ದೇನೆ, ಮರ ಎಷ್ಟು ಎತ್ತರ ಎಂದು ನೋಡುವವರಿಗೆ ಗೊತ್ತಾಗಲಿ ಅಂತ.

ಇನ್ನು ಅತ್ತೆ. ಹೆಸರು ಇಂದಿರಾಬಾಯಿ. ಧಾರವಾಡದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ನಾನು ಮೊದಲ ಸಲ ಅವರ ಶಾಲೆಯಲ್ಲೇ ನೋಡಿದಾಗ ಅವರು ಮಗನಷ್ಟೇ ಎತ್ತರವಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ನೆಟ್ಟಗಿನ ಬೆನ್ನು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವ ದನಿ. ಅವರು ಬರುವಾಗ ಹುಡುಗಿಯರು ಗೋಡೆಗೆ ಸರಿದು ನಿಲ್ಲುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ನಮ್ಮ ಜೊತೆಗೇ ಇದ್ದಾರೆ. ಬಂದ ಮೇಲೆ ವರ್ಷದಿಂದ ವರ್ಷಕ್ಕೆ ಮೂಳೆ ಸವೆದು ಬೆನ್ನು ಬಾಗುತ್ತಾ ಹೋಯಿತು. ಈಗ ನಿಂತರೆ ಅವರ ಮುಖ ನೆಲಕ್ಕಿರುತ್ತದೆ. ಮಾತಾಡಬೇಕಾದರೆ ಕತ್ತನ್ನು ಒಂದು ಪಕ್ಕಕ್ಕೆ ತಿರುಗಿಸಿ, ಒಂದು ಕಣ್ಣಿನಿಂದ ನಮ್ಮನ್ನು ನೋಡುತ್ತಾರೆ. ಕೋಲು ಹಿಡಿಯಿರಿ ಎಂದರೆ ಕೇಳುವುದಿಲ್ಲ. ಕೊಡೆ ಹಿಡಿಯುತ್ತಾರೆ, ಬಿರುಬೇಸಿಗೆಯಲ್ಲೂ. ಕೊಡೆ ಹಿಡಿದವರನ್ನು ಯಾರೂ ಮುದುಕಿ ಅನ್ನುವುದಿಲ್ಲವಂತೆ.

ಫೋಟೋ ಮಾತ್ರ ಕೂಡದು. ಹುಟ್ಟುಹಬ್ಬವಿರಲಿ, ಗಣೇಶನ ಹಬ್ಬವಿರಲಿ, ಗಿರಿ ಕ್ಯಾಮೆರಾ ಎತ್ತಿದರೆ ಅವರು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. "ನನ್ನ ಬೆನ್ನಿನ ಫೋಟೋ ತಗೊಂಡು ಏನ್ ಮಾಡ್ತೀಯೋ?" ಎನ್ನುತ್ತಿದ್ದರು. ನೂರಾರು ಮರಗಳ ಫೋಟೋ ತೆಗೆದ ಮಗನ ಬಳಿ ಕಳೆದ ಹತ್ತಾರು ವರ್ಷಗಳ ಅಮ್ಮನ ಫೋಟೋ ಇರಲಿಲ್ಲ.

ಒಂದು ಸಣ್ಣ ಅಡ್ಡಮಾತು. ಧಾರವಾಡದವರು ಮರಕ್ಕೆ ಗಿಡ ಎನ್ನುತ್ತಾರೆ. ಹೊಸ ಸೊಸೆಯಾಗಿದ್ದಾಗ ಅತ್ತೆ ಒಳಗಿನಿಂದ, "ವಸುಧಾ, ಗಿಡದಾಗ ಮಂಗ್ಯಾ ಕೂತದ, ಹಪ್ಪಳಾ ಒಳಗ ತಗೋ" ಎಂದು ಕೂಗಿದ್ದರು. ನಾನು ಹೊರಗೆ ಹೋಗಿ ತುಳಸಿಗಿಡದಲ್ಲೂ ದಾಸವಾಳದ ಗಿಡದಲ್ಲೂ ಮಂಗವನ್ನು ಹುಡುಕುತ್ತಿದ್ದೆ. ಅದು ಮಾವಿನ ಮರದಿಂದ ಇಳಿದು ಹಪ್ಪಳ ಎತ್ತಿಕೊಂಡು ಹೋಗಿ ಆಗಿತ್ತು. ಅಲ್ಲಿಂದ ಮುಂದೆ ಅತ್ತೆಯ ಮಾತನ್ನು ನಾನು ಎರಡೆರಡು ಸಲ ಯೋಚಿಸುವುದು.

ಎರಡು ವರ್ಷದ ಹಿಂದೆ, ನವೆಂಬರ್ ಶುರುವಿನಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ನನ್ನ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಯಿತು. ಪ್ರೊಜೆಕ್ಟರಿನದೇ ತೊಂದರೆ ಎಂದುಕೊಂಡೆ. ಆಮೇಲೆ ಮಸಿ ಚೆಲ್ಲಿದಂತೆ ಚುಕ್ಕೆಗಳು. ಮಧ್ಯಾಹ್ನದ ಹೊತ್ತಿಗೆ ಕಣ್ಣಿನ ಒಂದು ಮೂಲೆಯಿಂದ ಕಪ್ಪು ಪರದೆಯೊಂದು ಏರತೊಡಗಿತು. ಗಿರಿಗೆ ಫೋನ್ ಮಾಡಿದೆ. ಅವನು ಬಂದು ಕಾರಿಗೆ ಹತ್ತಿಸಿಕೊಂಡು ಫ್ರೀವೇಯಲ್ಲಿ ಹೋಗುವಾಗ ಒಂದು ಮಾತನ್ನೂ ಆಡಲಿಲ್ಲ. ಬಾಯಿ ಮುಚ್ಚದವನು ಸುಮ್ಮನಿದ್ದುದನ್ನು ಕಂಡು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಕಣ್ಣಿನ ಡಾಕ್ಟರು ನಮ್ಮ ಮಗಳಿಗಿಂತ ಸ್ವಲ್ಪವೇ ದೊಡ್ಡವಳಿರಬೇಕು, ಆದರೆ ಮಾತು ನಿಧಾನ, ಸ್ಪಷ್ಟ. ಗೋಡೆಗೆ ಅಂಟಿಸಿದ ಕಾಗದ ಬಿಟ್ಟುಕೊಂಡ ಹಾಗೆ ಕಣ್ಣಿನ ಹಿಂದಿನ ಪೊರೆ, ರೆಟಿನಾ, ಬಿಟ್ಟುಕೊಂಡಿದೆ ಎಂದಳು. ಆಪರೇಷನ್ ಮಾಡಿ ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಡುತ್ತಾರೆ. ಆ ಗುಳ್ಳೆ ಮೇಲಕ್ಕೇರಿ ಪೊರೆಯನ್ನು ಒತ್ತಿ ಹಿಡಿಯಬೇಕು. ಅದಕ್ಕಾಗಿ ಒಂದು ವಾರ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟ ಮಾಡುವಾಗ, ನಡೆಯುವಾಗ, ಮಲಗುವಾಗ. ಗುಳ್ಳೆ ಕರಗುವವರೆಗೆ ವಿಮಾನ ಹತ್ತಬಾರದು, ಬೆಟ್ಟ ಏರಬಾರದು.

"ಮತ್ತೆ ಕಾಣಿಸುತ್ತಾ?" ಎಂದು ಕೇಳಿದೆ.

"ಕಾಣಿಸಬೇಕು. ಎಷ್ಟು ಅಂತ ಈಗಲೇ ಹೇಳಲಾರೆ" ಎಂದಳು.

ಆ ವಾರಾಂತ್ಯವೇ ನಾವು ಯೊಸೆಮಿಟಿಗೆ ಹೋಗಬೇಕಿತ್ತು. ಗಿರಿ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಬುಕಿಂಗ್ ರದ್ದು ಮಾಡಿದ. "ನೀನಾದರೂ ಹೋಗು" ಎಂದೆ. "ಟ್ರೈಪಾಡ್ ಯಾರು ಹಿಡೀತಾರೆ?" ಎಂದ.

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದೆ. ಮುಖ ಕೆಳಗೆ ಮಾಡಿಕೊಂಡು ಬದುಕುವುದು ಹೇಗೆ ಎಂದು ನಿಮಗೇನಾದರೂ ಕುತೂಹಲವಿದ್ದರೆ ಹೇಳುತ್ತೇನೆ. ಅದಕ್ಕೆಂದೇ ಬಾಡಿಗೆಗೆ ಒಂದು ಕುರ್ಚಿ ಸಿಗುತ್ತದೆ. ಮುಖ ತೂರಿಸಲು ಬಳೆಯಂಥ ಒಂದು ಮೆತ್ತನೆಯ ದಿಂಬು, ಅದರ ಕೆಳಗೆ ಒಂದು ಕನ್ನಡಿ. ಕನ್ನಡಿಯಲ್ಲಿ ಟೀವಿ ಕಾಣುತ್ತದೆ. ನಾನು ಒಂದು ಕನ್ನಡ ಧಾರಾವಾಹಿ ಹಾಕಿಸಿಕೊಂಡೆ. ಕನ್ನಡಿಯಲ್ಲಿ ಎಲ್ಲ ಎಡಬಲವಾಗಿ, ಆ ಮನೆತನದವರೆಲ್ಲ ಎಡಗೈಯಲ್ಲಿ ಆರತಿ ಎತ್ತುತ್ತಿದ್ದರು, ಎಡಗೈಯಲ್ಲಿ ಊಟ ಬಡಿಸುತ್ತಿದ್ದರು. ಇಷ್ಟು ಅಪಶಕುನ ಮಾಡಿಕೊಂಡರೆ ಆ ಮನೆ ಉದ್ಧಾರವಾಗುವುದು ಹೇಗೆ ಎಂದು ಆರಿಸಲು ಹೇಳಿದೆ.

ಟೀವಿ ಆರಿದ ಮೇಲೆ ಉಳಿದದ್ದು ನೆಲ. ಗಿರಿ ಪಕ್ಕದ ಕೋಣೆಯಲ್ಲಿ ಆಫೀಸಿನ ಕರೆಯಲ್ಲಿದ್ದ. ಕಣ್ಣು ಬರದಿದ್ದರೆ ಎಂಬ ಯೋಚನೆ ಆಗ ಬಂತು. ಒಂದು ಕಣ್ಣು ಹೋಯಿತು, ಇನ್ನೊಂದಕ್ಕೂ ಹೀಗೇ ಆದರೆ? ಮಗಳ ಮದುವೆ ನೋಡುವುದಿಲ್ಲವೇ? ಮುಖ ಕೆಳಗಿರುವಾಗ ಅತ್ತರೆ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ನೇರ ನೆಲಕ್ಕೆ ಬೀಳುತ್ತದೆ. ಸದ್ದಿಲ್ಲದೆ ಅಳುತ್ತಿದ್ದೆ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಸದಾ ನೆಲವನ್ನೇ ನೋಡುವವರು ಒಬ್ಬರಿದ್ದರಲ್ಲ.

"ನೆಲಾ ತೊಯ್ದದ" ಎಂಬ ದನಿ ಕೇಳಿತು.

ನಾನು ಕೈಯಿಂದ ಮೂಗು ಒರೆಸಿಕೊಂಡೆ.

"ಕಣ್ಣಿಗೆ ಕಟ್ಟಿದ ಪಟ್ಟಿ ತೊಯ್ಸಬ್ಯಾಡ. ಏಳು. ಚಪ್ಪಲ್ ಹಾಕ್ಕೋ, ಅಡ್ಡ್ಯಾಡಿ ಬರೋಣ."

"ಅತ್ತೆ, ನನಗೆ ಮುಂದೆ ಏನೂ ಕಾಣಲ್ಲ. ತಲೆ ಎತ್ತೋ ಹಾಗಿಲ್ಲ."

"ನಾ ಎಂದಾದ್ರೂ ಎತ್ತೀನೇನು? ದಿನಾ ಹೋಗಿ ಬರ್ತೀನಿಲ್ಲೋ? ನಡಿ, ನನಗ ಹಾದಿ ಗೊತ್ತದ."

ಹೀಗೆ ನಾವಿಬ್ಬರೂ ಹೊರಟೆವು. ಬೆಳಿಗ್ಗೆ ಜೋರು ಮಳೆಯಾಗಿ ಆಗಷ್ಟೇ ಬಿಟ್ಟಿತ್ತು. ಅವರ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನನ್ನ ಮುಂಗೈ. ಇಬ್ಬರ ತಲೆಯೂ ಕೆಳಗೆ. ಅಪಾರ್ಟ್‌ಮೆಂಟಿನ ಮಹಡಿಯಿಂದ ಯಾರಾದರೂ ನೋಡಿದ್ದರೆ ಅತ್ತೆ ಸೊಸೆ ಕಿವಿಯ ಓಲೆ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದುಕೊಳ್ಳಬೇಕು. ಇಪ್ಪತ್ತು ವರ್ಷದಿಂದ ನಾನು ಓಡಾಡಿದ ದಾರಿ ಅದು. ನೋಡಿದರೆ ಏನೇನೂ ಪರಿಚಯವಿಲ್ಲ. ಬೇರು ಎಬ್ಬಿಸಿದ ಕಾಂಕ್ರೀಟು, ಯಾವುದೋ ಮಗುವಿನ ಗುಲಾಬಿ ಕ್ಲಿಪ್ಪು, ಗೋಡೆಯ ಬುಡದಲ್ಲಿ ಬಸವನಹುಳು. "ಇಲ್ಲಿ ಮೆಟ್ಟಲಾ ಅದ", "ಇಲ್ಲಿ ನೀರ ಬಿಡೂ ಪೈಪ್ ಅದ" ಎಂದು ಅತ್ತೆ ಮೊದಲೇ ಎಚ್ಚರಿಸುತ್ತಾ ಹೋದರು.

ಕಸದ ಡಬ್ಬಿಗಳನ್ನಿಟ್ಟ ಮೂಲೆಯ ಹತ್ತಿರ ನಿಂತರು. ಅಲ್ಲಿ ಟಾರು ತಗ್ಗಾಗಿ ನೀರು ನಿಲ್ಲುತ್ತದೆ.

"ಈಗ ನೋಡು" ಎಂದರು.

ನೋಡಿದೆ. ನೀರಿನಲ್ಲಿ ಆಕಾಶವಿತ್ತು. ಅದರ ತುಂಬಾ ಕೆಂಪು. ಆ ಮೂಲೆಯಲ್ಲೊಂದು ಸ್ವೀಟ್‌ಗಮ್ ಮರವಿದೆ, ನಕ್ಷತ್ರದಂಥ ಎಲೆಯದು. ಅದನ್ನು ಅಷ್ಟು ವರ್ಷ ನಾನು ಕಸ ಹಾಕಲು ಬಂದಾಗ ಬೈದುಕೊಂಡದ್ದು ಬಿಟ್ಟರೆ ನೋಡಿದ್ದು ಇಲ್ಲ. ಅದರ ಮುಳ್ಳುಮುಳ್ಳು ಕಾಯಿ ಚಪ್ಪಲಿಗೆ ಸಿಕ್ಕಿಕೊಳ್ಳುತ್ತದೆ. ಈಗ ಅದರ ತುದಿ ನನ್ನ ಕಾಲ ಬಳಿ ಇತ್ತು, ಬುಡ ದೂರದಲ್ಲಿ. ಕೊಂಬೆಗಳ ನಡುವೆ ಬಿಳಿ ಮೋಡವೊಂದು ಸರಿಯುತ್ತಿತ್ತು. ಉದುರಿದ ಎಲೆಗಳು ನೀರ ಮೇಲೆ ತೇಲುತ್ತಾ, ಇನ್ನೂ ಉದುರದ ಎಲೆಗಳ ಪಕ್ಕಪಕ್ಕವೇ ಇದ್ದವು. ಯಾವುದು ಕೊಂಬೆಯಲ್ಲಿದೆ, ಯಾವುದು ನೀರಿನಲ್ಲಿದೆ ಎಂದು ಹೇಳಲಾಗುತ್ತಿರಲಿಲ್ಲ. ಬಸ್ ಹೋದರೆ ಇಡೀ ಮರ ಒಮ್ಮೆ ನಡುಗಿ ಮತ್ತೆ ಕೂಡಿಕೊಳ್ಳುತ್ತಿತ್ತು.

"ಇದನ್ನ ನೀವು ದಿನಾ ನೋಡ್ತೀರಾ?"

"ಮಳಿ ಆದಾಗ ಇಲ್ಲಿ. ಬಿಸಲಿದ್ದಾಗ ನೆರಳು ನೋಡ್ತೀನಿ. ಈ ಕಡೆ ಗಿಡದ ನೆರಳು ಗ್ವಾಡಿ ಮ್ಯಾಲೆ ಹತ್ತತದ, ಛಲೋ ಇರತದ." ಕೊಡೆಯಿಂದ ನೀರಿನಲ್ಲಿದ್ದ ಮರದ ತುದಿ ತೋರಿಸಿ ಮತ್ತೆ ಹೇಳಿದರು: "ಹುಡುಗ್ಯಾರಿಗೆ ಗಿಡದ ಚಿತ್ರಾ ತಗೀರಿ ಅಂದ್ರ ಎಲ್ಲಾರೂ ಬುಡದಿಂದನ ಸುರು ಮಾಡ್ತಿದ್ರು. ನಾನೂ ಹಂಗ ಕಲಿಸ್ದೆ. ತುದಿಯಿಂದ ಸುರು ಮಾಡ್ರಿ ಅಂತ ಒಂದಿನಾನೂ ಅನ್ನಲಿಲ್ಲ ನೋಡು. ಈಗ ಕ್ಲಾಸ್ ಕೊಟ್ರ ಹಂಗ ಹೇಳ್ತೀನಿ."

ಅವತ್ತಿನಿಂದ ದಿನವೂ ಹೊರಟೆವು. ಅತ್ತೆಯ ಬಳಿ ಜಾಗಗಳಿದ್ದವು. ಈಜುಕೊಳದ ಬೇಲಿಯ ಬಳಿ ನಿಂತರೆ ಮೇಪಲ್ ಮರ ನೀರಿನಲ್ಲಿ ಉದ್ದುದ್ದ ಎಳೆಯಾಗಿ ಕಾಣುತ್ತದೆ. ಲಾಂಡ್ರಿ ಕೋಣೆಯ ಮುಂದಿನ ನೀರು ಸಂಜೆಯವರೆಗೆ ಇಂಗುವುದಿಲ್ಲ. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ನೀರಲ್ಲ. ಮೂಲೆಯ ಮನೆಯ ಕರೀ ಕಾರಿನ ಬಾನೆಟ್ಟು. ಆ ಕಾರಿನ ಯಜಮಾನ ಅದನ್ನು ದಿನವೂ ಒರೆಸುತ್ತಾನೆ. ಪಕ್ಕದಲ್ಲೇ ಒಂದು ಗಿಂಕ್ಗೊ ಮರ. ಅದರ ಬೀಸಣಿಗೆಯಂಥ ಹಳದಿ ಎಲೆಗಳೆಲ್ಲ ಆ ಕಪ್ಪು ಬಣ್ಣದಲ್ಲಿ ಚಿನ್ನದ ಹಾಗೆ ಕಾಣುತ್ತವೆ. ನಾವಿಬ್ಬರೂ ಕೈ ಕಟ್ಟಿಕೊಂಡು ತಲೆ ಬಾಗಿಸಿ ಬಾನೆಟ್ಟಿನ ಮುಂದೆ ನಿಂತಿದ್ದಾಗ ಆತ ಹೊರಗೆ ಬಂದ.

"ಗುಡ್ ಮಾರ್ನಿಂಗ್. ಇದು ನಿಮ್ಮವರು ಮಾಡುವ ಕಾರಿನ ಪೂಜೆಯಾ? ನನ್ನ ಆಫೀಸಿನಲ್ಲಿ ಒಬ್ಬರು ನಿಂಬೆಹಣ್ಣು ಇಟ್ಟು ಮಾಡಿದ್ದರು" ಎಂದ. ಅವನ ಬೂಟು ಮಾತ್ರ ನನಗೆ ಕಾಣುತ್ತಿತ್ತು.

"ಏನಂತಾನ?" ಎಂದರು ಅತ್ತೆ. ಹೇಳಿದೆ.

"ಹೌದು ಅನ್ನು. ಗಾಡಿ ಛಲೋ ಇರ್ಲಿ ಪಾಪ. ಹಿಂಗ ಒರಸ್ಕೋತ ಇರು ಅಂತ ಹೇಳು."

ನಾನು ಅನುವಾದಿಸಿದೆ. ಆತನಿಗೆ ತುಂಬಾ ಸಂತೋಷವಾಯಿತು. ಮರುದಿನ ಕಾರು ಇನ್ನೂ ಹೊಳೆಯುತ್ತಿತ್ತು.

ಫೋಟೋ ತೆಗೆಯಲು ಶುರು ಮಾಡಿದ್ದು ಅತ್ತೆಯ ಮಾತು ಕೇಳಿಯೇ. "ಫೋನ್ ಅದನಿಲ್ಲೋ ನಿನ್ನ ಕಡೆ? ತಗಿ. ಮನ್ಯಾಗ ಕುರ್ಚಿ ಮ್ಯಾಲೆ ಕೂತು ನೋಡ್ಲಿಕ್ಕೆ ಆಗತದ" ಎಂದರು. ಎಡಗಣ್ಣಿಗೆ ಪಟ್ಟಿ. ಇದ್ದ ಒಂದು ಕಣ್ಣಿನಲ್ಲಿ, ಇದ್ದ ಒಂದು ಕೈಯಲ್ಲಿ ತೆಗೆದೆ, ಇನ್ನೊಂದು ಕೈ ಅವರ ಭುಜದ ಮೇಲಿರುತ್ತಿತ್ತು. ಬೆಳಕು, ಫೋಕಸ್ಸು ಎಂದು ಗಿರಿ ಹೇಳುವುದೆಲ್ಲ ನನಗೆ ಒಂದಕ್ಷರವೂ ಗೊತ್ತಿಲ್ಲ. ಮರದ ಮೇಲಿನ ಹಳೆಯ ಸಿಟ್ಟು ಇಳಿದಿತ್ತು, ಅಷ್ಟೇ. ಇಷ್ಟು ಚಂದದ್ದನ್ನು ಇಷ್ಟು ವರ್ಷ ಗುಡಿಸಿಹಾಕಿದೆನಲ್ಲ ಅನಿಸುತ್ತಿತ್ತು.

ಮುಖ ಕೆಳಗೆ ಹಾಕುವ ವಾರದ ಕೊನೆಯ ದಿನ. ಸಂಜೆ ಮಂಚದ ಅಂಚಿನಿಂದ ಮುಖ ಹೊರಗಿಟ್ಟು ಮಲಗಿ, ನೆಲದ ಮೇಲಿಟ್ಟ ಫೋನಿನಲ್ಲಿ ಬೆಳಿಗ್ಗೆ ತೆಗೆದದ್ದನ್ನು ಸರಿಸುತ್ತಿದ್ದೆ. ಕಸದ ಮೂಲೆಯ ನೀರು, ಕೆಂಪು ಮರ, ಮೋಡ. ಒಂದು ಫೋಟೋಗೆ ಬಂದು ಬೆರಳು ನಿಂತಿತು.

ಅದರಲ್ಲಿ ಅತ್ತೆ ಇದ್ದರು.

ನೀರಿನ ಅಂಚಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಬಂದಿದ್ದಾರೆ. ನಾನು ಮರವನ್ನೇ ನೋಡುತ್ತಿದ್ದುದರಿಂದ ಗಮನಿಸಿಲ್ಲ. ಅವರ ಮುಖ ಪೂರ್ತಿಯಾಗಿ, ನೇರವಾಗಿ ನೀರಿನಲ್ಲಿತ್ತು. ಎದುರಿಗೆ ನಿಂತು ನನ್ನನ್ನೇ ನೋಡುತ್ತಿರುವಂತೆ. ಅಗಲವಾದ ಹಣೆ, ಕುಂಕುಮ ಇಡುತ್ತಿದ್ದ ಜಾಗದಲ್ಲಿ ಈಗ ಇಡುವ ಸಣ್ಣ ಕಪ್ಪು ಬೊಟ್ಟು, ಸ್ವಲ್ಪ ಬಿಗಿದ ತುಟಿ. ತಲೆಯ ಹಿಂದೆ ಆಕಾಶ ತುಂಬುವ ಕೆಂಪು ಎಲೆ. ಬಾಗಿದ ಬೆನ್ನು ಅದರಲ್ಲಿ ಎಲ್ಲೂ ಇರಲಿಲ್ಲ. ಎಷ್ಟೋ ವರ್ಷದ ಹಿಂದೆ ಶಾಲೆಯ ಕಾರಿಡಾರಿನಲ್ಲಿ ಕಂಡ ಹೆಂಗಸೇ ಅಲ್ಲಿ ನಿಂತಿದ್ದರು, ಮುಖದಲ್ಲಿ ಗೆರೆ ಹೆಚ್ಚಾಗಿತ್ತು, ಅಷ್ಟೇ.

ಗಿರಿಯನ್ನು ಕೂಗಿದೆ. ಅವನು ಬಂದು ನನ್ನ ಪಕ್ಕ ನೆಲದ ಮೇಲೆ ಕೂತು ಫೋನನ್ನು ಕೈಗೆತ್ತಿಕೊಂಡ. ಬೆರಳಿನಿಂದ ದೊಡ್ಡದು ಮಾಡಿ ಅಮ್ಮನ ಮುಖವನ್ನೇ ನೋಡಿದ. ಯಾವ ಫೋಟೋ ಕೊಟ್ಟರೂ ಈ ಮೂಲೆ ಕತ್ತಲಾಯಿತು, ಆ ಮೂಲೆಗೆ ಬೆಳಕು ಹೆಚ್ಚಾಯಿತು ಎನ್ನುವವನು ಇದರ ಮೂಲೆಗಳ ಕಡೆ ಹೋಗಲೇ ಇಲ್ಲ.

"ನಾನು ಇದನ್ನ ತೆಗೆಯೋಕೆ ಆಗ್ತಾನೇ ಇರ್ಲಿಲ್ಲ, ವಸು" ಎಂದ ಕೊನೆಗೆ. "ನಾನು ಯಾವಾಗಲೂ ಅವಳನ್ನ ಎದುರಿಂದ ತೆಗೆಯೋಕೆ ನೋಡ್ತಿದ್ದೆ."

ಸಿಯಾಟಲ್‌ನಲ್ಲಿರುವ ಮಗಳು ನಿಧಿಗೆ ಅವನು ಅಲ್ಲೇ ಕಳಿಸಿದ. ತಕ್ಷಣ ಅವಳ ಫೋನು ಬಂತು. "ಅಮ್ಮಾ, ಇಸ್ ದಿಸ್ ಅಜ್ಜಿ? ನಂಗೆ... ಐ ಡೋಂಟ್ ಥಿಂಕ್ ನಾನು ಅಜ್ಜಿ ಫೇಸ್ ಹೀಗೆ ಸ್ಟ್ರೇಟಾಗಿ ನೋಡಿದೀನಿ ಅಂತ" ಎಂದಳು.

ಉಳಿದದ್ದು ಅತ್ತೆಗೆ ತೋರಿಸುವ ಕೆಲಸ. ಫೋಟೋ ತೆಗೆಯಬೇಡಿ ಎಂದವರ ಫೋಟೋ ಗೊತ್ತಿಲ್ಲದೆ ತೆಗೆದಿದ್ದೇನೆ. ಬೈಯುತ್ತಾರೆ, ಅಳಿಸು ಎನ್ನುತ್ತಾರೆ, ಅಳಿಸಲೇಬೇಕಾಗುತ್ತದೆ ಎಂದು ಹೆದರಿಕೊಂಡೇ ಹೋದೆ. ಅವರು ಅಡುಗೆಮನೆಯ ಮೇಜಿನ ಬಳಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮಗ ಅದನ್ನು ದೊಡ್ಡ ಟ್ಯಾಬ್ಲೆಟ್ಟಿಗೆ ಹಾಕಿಕೊಟ್ಟಿದ್ದ. ಸೊಪ್ಪಿನ ಪಕ್ಕ ಮೇಜಿನ ಮೇಲೆ ಇಟ್ಟೆ.

ಅತ್ತೆ ಕೈ ಒರೆಸಿಕೊಂಡು ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಇದು ನನ್ನ ಮಾರೀನ?"

"ಹೂಂ ಅತ್ತೆ, ನಿಮ್ಮದೇ ಮುಖ. ನನಗೆ ಗೊತ್ತಾಗಲಿಲ್ಲ. ಬೇಡ ಅಂದ್ರೆ ತೆಗೆದುಹಾಕ್ತೀನಿ."

ಅವರು ಟ್ಯಾಬ್ಲೆಟ್ಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಬೆರಳ ತುದಿಯಿಂದ ಪರದೆಯ ಮೇಲೆ ತಮ್ಮ ಗದ್ದದ ಗೆರೆಯನ್ನು, ಆಮೇಲೆ ಮರದ ಒಂದು ಕೊಂಬೆಯನ್ನು ಎಳೆದರು, ಪೆನ್ಸಿಲ್ ಹಿಡಿದವರ ಹಾಗೆ. "ನಮ್ಮವ್ವನ ಹಂಗ ಕಾಣ್ಲಿಕ್ಕತ್ತೀನಿ" ಎಂದರು. ನಂತರ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನನ್ನತ್ತ ನೋಡಿ, "ಇದನ್ನ ತಗದು ಹಾಕಿದ್ರ ನೋಡು ಮತ್ತ" ಎಂದರು.

ಪಟ್ಟಿ ಬಿಚ್ಚಿದ ಮೇಲೂ ಕೆಲವು ವಾರ ನನ್ನ ಎಡಗಣ್ಣಿನೊಳಗೆ ಒಂದು ನೀರಿನ ಗೆರೆ ಅಲ್ಲಾಡುತ್ತಿತ್ತು. ಗುಳ್ಳೆ ಕರಗುವಾಗ ಹಾಗೆ ಕಾಣುತ್ತದಂತೆ. ಒಂದು ದಿನ ಬೆಳಿಗ್ಗೆ ಅದು ಚುಕ್ಕೆಯಾಗಿ, ಮಧ್ಯಾಹ್ನದ ಹೊತ್ತಿಗೆ ಇಲ್ಲವಾಯಿತು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದಳು. ಕೊನೆಯ ಸಾಲು ಬಿಟ್ಟು ಎಲ್ಲ ಓದಿದೆ. ಅವಳು ಖುಷಿಯಿಂದ ನನ್ನ ಮೊಣಕಾಲಿಗೆ ತಟ್ಟಿದಳು. ಈಗಲೂ ಆ ಕಣ್ಣಿಗೆ ನೆಟ್ಟಗಿನ ಕಂಬ ಸ್ವಲ್ಪ ಸೊಟ್ಟಗೆ ಕಾಣುತ್ತದೆ. ಅಷ್ಟು ಸೊಟ್ಟವನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಗಿರಿಯ ಫೋಟೋ ಕ್ಲಬ್ಬಿನವರು ಪ್ರತಿ ಚಳಿಗಾಲ ಹತ್ತಿರದ ಕ್ಯಾಂಪ್‌ಬೆಲ್‌ನ ಒಂದು ಸಭಾಂಗಣದಲ್ಲಿ ಪ್ರದರ್ಶನ ಮಾಡುತ್ತಾರೆ. ಸದಸ್ಯರ ಮನೆಯವರೂ ಕಳಿಸಬಹುದು. ಆ ವರ್ಷದ ವಿಷಯ, ಫಾಲ್, ಅಂದರೆ ಎಲೆ ಉದುರುವ ಕಾಲದ ಮರಗಳನ್ನು ಹೊಸ ದೃಷ್ಟಿಯಲ್ಲಿ ತೋರಿಸಿ ಎಂದು. "ನಿನ್ನಷ್ಟು ಹೊಸ ದೃಷ್ಟಿ ಯಾರಿಗಿದೆ? ಇನ್ನೂ ವಾರಂಟಿಯಲ್ಲಿದೆ" ಎಂದ ಗಿರಿ. ಅತ್ತೆಯನ್ನು ಕೇಳಿದೆವು. ಒಂದು ಷರತ್ತಿನ ಮೇಲೆ ಒಪ್ಪಿದರು. "ಬರೇ ಮುದುಕಿ ಅಂತ ಬರೀಬ್ಯಾಡ್ರಿ. ನನ್ನ ಹೆಸರು ಹಾಕ್ರಿ. ಡ್ರಾಯಿಂಗ್ ಟೀಚರ್, ಧಾರವಾಡ ಅಂತನೂ ಹಾಕ್ರಿ."

ಹಾಗೇ ಬರೆದು ಕಳಿಸಿದೆವು. ಗಿರಿ ತನ್ನದೂ ಒಂದು ಕಳಿಸಿದ, ಹಳೆಯ ಯೊಸೆಮಿಟಿ. ನನ್ನದು ಆಯ್ಕೆಯಾಯಿತು, ಅವನದಾಗಲಿಲ್ಲ. ಅವನಿಗೆ ಬೇಜಾರಾಗುತ್ತದೆ ಎಂದು ನಾನು ಎರಡು ದಿನ ಮೆಲ್ಲಗೆ ಓಡಾಡಿದೆ. ಆದರೆ ಈ ಮಹಾರಾಯ ದೇವಸ್ಥಾನದಲ್ಲಿ, ಇಂಡಿಯನ್ ಗ್ರೋಸರಿಯ ಸಾಲಿನಲ್ಲಿ, ಸಿಕ್ಕಸಿಕ್ಕವರಿಗೆ ಫೋನ್ ತೆಗೆದು, "ನನ್ನ ಹೆಂಡತಿ ತೆಗೆದದ್ದು. ಇದು ನಮ್ಮಮ್ಮ" ಎಂದು ತೋರಿಸುತ್ತಿದ್ದ. ಹಿಂದೆ ಯಾವ ಜಲಪಾತಕ್ಕೂ ಅವನು ಹಾಗೆ ಮಾಡಿರಲಿಲ್ಲ.

ಪ್ರದರ್ಶನದ ಮೊದಲ ಮಧ್ಯಾಹ್ನ ಅತ್ತೆ ಬೀಟೆ ಬಣ್ಣದ ಇಳಕಲ್ ಸೀರೆ ಉಟ್ಟು ಬಂದರು. ಕೈಯಲ್ಲಿ ಕೊಡೆ. ಸಭಾಂಗಣದ ಬಿಳಿ ಗೋಡೆಗಳ ಮೇಲೆ ಫೋಟೋಗಳು ಸಾಲಾಗಿ, ಚೆಂದವಾಗಿ, ನಿಂತವರ ಕಣ್ಣಿನ ಎತ್ತರಕ್ಕೆ ತೂಗುತ್ತಿದ್ದವು. ನನ್ನದು ನಡುವೆ ಇತ್ತು. ನಾನು ತೆಗೆದದ್ದು ಅಷ್ಟು ದೊಡ್ಡದಾಗಿ ಗಾಜಿನ ಹಿಂದೆ ಇರುವುದನ್ನು ಕಂಡು ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ನಮ್ಮ ಅಮ್ಮ ಇದ್ದಿದ್ದರೆ ಕರೆದುಕೊಂಡು ಬಂದು, ನೋಡು, ಗುಡಿಸು ಎಂದೆಯಲ್ಲ, ಇವೇ ಎಲೆ ಎಂದು ತೋರಿಸಬಹುದಿತ್ತು ಎನಿಸಿತು.

ತಿರುಗಿ ನೋಡಿದರೆ ಅತ್ತೆ ಗೋಡೆಯ ಮುಂದೆ ಸುಮ್ಮನೆ ನಿಂತಿದ್ದರು. ಅವರ ಕಣ್ಣಿನ ಮುಂದೆ ಇದ್ದದ್ದು ಗೋಡೆಯ ಬುಡ ಮತ್ತು ಒಂದು ಕರೆಂಟಿನ ಪ್ಲಗ್ಗು. ಕತ್ತು ಓರೆ ಮಾಡಿ, ಕೊಡೆಯ ಮೇಲೆ ಭಾರ ಹಾಕಿ ಮೇಲೆ ನೋಡಲು ಪ್ರಯತ್ನಿಸಿದರು. ಚೌಕಟ್ಟಿನ ಕೆಳಗಿನ ಅಂಚು ಕಂಡಿರಬೇಕು, ಹೆಚ್ಚೆಂದರೆ. ನಮಗೆ ಇಬ್ಬರಿಗೂ ಇದು ಹೊಳೆದೇ ಇರಲಿಲ್ಲ. ಗಿರಿ ಓಡಿಹೋಗಿ ಕುರ್ಚಿ ತಂದ. ಕೂತರೆ ಇನ್ನೂ ಕೆಳಗಾದರು.

"ಕುರ್ಚಿ ಯಾಕೋ? ಅದನ್ನ ಕೆಳಗ ಇಡು" ಎಂದರು.

"ಅವ್ವಾ, ಇಲ್ಲಿ ಮುಟ್ಟೂಹಂಗಿಲ್ಲ."

"ನನ್ನ ಮಾರಿ ನಾ ನೋಡಬಾರದೇನು?"

ಗಿರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಎರಡೂ ಕೈ ಚಾಚಿ ಚೌಕಟ್ಟನ್ನು ಮೊಳೆಯಿಂದ ಎತ್ತಿದ. ಪ್ರದರ್ಶನ ನೋಡಿಕೊಳ್ಳುತ್ತಿದ್ದ ಡಯಾನ್ ಎಂಬ ಹಿರಿಯ ಹೆಂಗಸು, "ಪ್ಲೀಸ್, ಪ್ಲೀಸ್ ಬೇಡ!" ಎಂದು ಆ ಕೊನೆಯಿಂದ ಓಡುತ್ತಾ ಬಂದಳು. ಬಂದವಳು ಅತ್ತೆಯನ್ನು ನೋಡಿದಳು. ಅವನ ಕೈಯಲ್ಲಿದ್ದ ಚಿತ್ರವನ್ನು ನೋಡಿದಳು. ಚಿತ್ರದ ಇನ್ನೊಂದು ಅಂಚಿಗೆ ತಾನೇ ಕೈ ಕೊಟ್ಟಳು. ಇಬ್ಬರೂ ಸೇರಿ ಅದನ್ನು ಅತ್ತೆಯ ಕಾಲ ಮುಂದೆ ಕಾರ್ಪೆಟ್ಟಿನ ಮೇಲೆ ಮಲಗಿಸಿದರು.

ಅತ್ತೆ ಕೊಡೆಯನ್ನು ನನ್ನ ಕೈಗೆ ಕೊಟ್ಟು ಸ್ವಲ್ಪ ಮುಂದೆ ಸರಿದರು. ನೀರಿನ ಮುಂದೆ ನಿಲ್ಲುವಂತೆಯೇ ನಿಂತರು. ಏನು ಗಲಾಟೆ ಎಂದು ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತು ಬಗ್ಗಿ ನೋಡತೊಡಗಿದರು. ಚಿತ್ರದಲ್ಲಿದ್ದ ಮುಖವನ್ನೂ ಅದರ ಮೇಲೆ ಬಾಗಿದ ಮುಖವನ್ನೂ ಅವರು ಹೋಲಿಸುತ್ತಿದ್ದುದು ಗೊತ್ತಾಗುತ್ತಿತ್ತು. ಒಬ್ಬಾತ ಮೆಲ್ಲನೆ, "ಇದು ಇಲ್ಲೇ ಇರಲಿ, ಹೀಗೇ ನೋಡಬೇಕು" ಎಂದ. ಡಯಾನ್ ತಲೆಯಾಡಿಸಿದಳು. ಪ್ರದರ್ಶನ ಮುಗಿಯುವವರೆಗೂ ಆ ಚಿತ್ರ ಒಂದು ತಗ್ಗು ಮಣೆಯ ಮೇಲೆ ನೆಲದಲ್ಲೇ ಇತ್ತು, ಗೋಡೆಯ ಮೊಳೆ ಖಾಲಿ.

ಆ ಗುಂಪಿನಲ್ಲಿ ಒಬ್ಬ ಹೆಂಗಸು ಕೇಳಿದಳು, "ತುಂಬಾ ಚೆನ್ನಾಗಿದೆ. ಯಾರು ತೆಗೆದದ್ದು?"

ಗಿರಿ ಬಾಯಿ ತೆರೆದ. ಆದರೆ ಅವನಿಗಿಂತ ಮೊದಲು ಅತ್ತೆ ಉತ್ತರ ಕೊಟ್ಟರು. ಅವರ ಇಂಗ್ಲಿಷು ಧಾರವಾಡದ್ದು, ದನಿ ಕಾರಿಡಾರಿನ ಆ ತುದಿಗೂ ಕೇಳುವಂಥದ್ದು. ತಲೆಯನ್ನು ಚಿತ್ರದಿಂದ ತಿರುಗಿಸದೆ, ನನ್ನ ಕಡೆಗೆ ಒಂದು ಬೆರಳು ತೋರಿಸಿ ಹೇಳಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು:

"ಮೈ ಡಾಟರ್-ಇನ್-ಲಾ. ಫಸ್ಟ್ ಕ್ಲಾಸ್ ಸ್ಟೂಡೆಂಟ್."